ಒಲೆಯ ಬ್ಲೋವರ್ ಮೊರೆಯಲು ಶುರುವಾದರೆ

ಹುಬ್ಬಳ್ಳಿಯ ನಮ್ಮ ವೈಂಡಿಂಗ್ ಅಂಗಡಿಗೆ ಕಟ್ಟಿಗೆ ಒಲೆಯ ಬ್ಲೋವರ್ ತರುವವರು ಹೆಚ್ಚಾಗಿ ಖಾನಾವಳಿಯವರು. "ಮೋಟರ್ ಸುಟ್ಟೈತ್ರಿ" ಅನ್ನುತ್ತಲೇ ಬರುತ್ತಾರೆ. ನಿಜವಾಗಿ ಸುಟ್ಟಿರುವುದು ಕಡಿಮೆ, ಬೂದಿ ತಿಂದು ಜಾಮ್ ಆಗಿರುವುದೇ ಜಾಸ್ತಿ.

ಸ್ವಿಚ್ ಆಫ್ ಮಾಡಿದರೆ ಸಾಲದು, ಮೊದಲು ಪ್ಲಗ್ ಕಿತ್ತಿಡಿ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ. ಗರಗರ ಅಂದರೆ ಬೇರಿಂಗ್ ಹೋಗಿದೆ. ಶಾಫ್ಟ್ (ರೆಕ್ಕೆ ಕೂರುವ ಸರಳು) ಅತ್ತಿತ್ತ ಅಲ್ಲಾಡಿದರೆ ಬುಷ್, ಅಂದರೆ ಕೆಲವು ಮೋಟರ್‌ಗಳಲ್ಲಿ ಬೇರಿಂಗ್ ಬದಲು ಇರುವ ಲೋಹದ ಬಳೆ, ಸವೆದಿದೆ. ರೆಕ್ಕೆಗೆ ಅಂಟಿದ ಮಸಿಯನ್ನು ಒಣ ಬ್ರಷ್‌ನಿಂದ ಪೂರ್ತಿ ತೆಗೆಯಿರಿ. ಒಂದೇ ಕಡೆ ಉಳಿದರೆ ತೂಕ ತಪ್ಪಿ ಮೋಟರ್ ನಡುಗುತ್ತದೆ, ಹೊಸ ಬೇರಿಂಗೂ ಬೇಗ ಹೋಗುತ್ತದೆ.

ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ಕರಿ ತುಂಡು) ಇರುವ ಮೋಟರ್ ಆದರೆ ಎರಡೂ ಕಾರ್ಬನ್ ಹೊರಗೆ ತೆಗೆದು ನೋಡಿ. ಹೊಸದರ ಮೂರನೇ ಒಂದು ಪಾಲಿಗಿಂತ ಗಿಡ್ಡ ಆಗಿದ್ದರೆ ಜೋಡಿಯಾಗಿಯೇ ಬದಲಿಸಿ. ಈಗ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಮೇಲಿನ ತಾಮ್ರದ ಪಟ್ಟಿಗಳನ್ನು ಬೆಳಕಿಗೆ ಹಿಡಿಯಿರಿ. ತೆಳ್ಳಗೆ ಕಾಫಿ ಬಣ್ಣ ಇದ್ದರೆ ಅದು ಕೊಳೆಯಲ್ಲ, ಒಳ್ಳೆಯ ಲಕ್ಷಣ. ಸುಮ್ನೆ ಉಜ್ಜಿ ಹೊಳಪು ಬರಿಸಬೇಡಿ! ಸುಟ್ಟ ಕಪ್ಪು ಗೆರೆ ಇದ್ದರೆ ಮಾತ್ರ ನಯವಾದ ಸ್ಯಾಂಡ್ ಪೇಪರ್ ಸಾಕು. ಎಮರಿ ಪೇಪರ್ ಬೇಡ, ಅದರ ಪುಡಿ ಪಟ್ಟಿಗಳ ಸಂದಿಯಲ್ಲಿ ಕೂತರೆ ಶಾರ್ಟ್ ಆಗಬಹುದು. ಸಂದಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕ್ಲೀನ್ ಮಾಡಿ. ಹೊಸ ಕಾರ್ಬನ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸಿಕ್ಕಿಕೊಂಡರೆ ಕಿಡಿ ಹಾರುತ್ತದೆ.

ಬೇರಿಂಗ್ ಮೇಲೆಯೇ ನಂಬರ್ ಇರುತ್ತದೆ. 608 ಅಂದರೆ ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7. ರಬ್ಬರ್ ಸೀಲ್ ಇರುವುದನ್ನೇ ಕೇಳಿ ತನ್ನಿ, ಒಲೆಯ ಮುಂದೆ ಬೂದಿ ತಪ್ಪಿದ್ದಲ್ಲ ಅಲ್ವಾ? ಶಾಫ್ಟ್‌ಗೆ ಕೂರಿಸುವಾಗ ಬೇರಿಂಗ್‌ನ ಒಳ ಉಂಗುರದ ಮೇಲೆ ಮಾತ್ರ ಪೈಪ್ ಇಟ್ಟು ಬಡಿಯಿರಿ. ಬುಷ್ ಇದ್ದರೆ ಎರಡು ಹನಿ ಮಷೀನ್ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ, ಅದು ಕಾಲಕ್ರಮೇಣ ಅಂಟಾಗಿ ಶಾಫ್ಟ್ ಹಿಡಿಯುತ್ತದೆ.

ಕೆಂಡ ಇರುವಾಗಲೇ ಬ್ಲೋವರ್ ಆಫ್ ಮಾಡಿದರೆ ಝಳ ಪೈಪಿನಿಂದ ವಾಪಸ್ ಮೋಟರಿಗೆ ಬರುತ್ತದೆ. ಆಫ್ ಮಾಡಿದ ಕೂಡಲೇ ಪೈಪ್ ಬಿಡಿಸಿ ಪಕ್ಕಕ್ಕಿಡಿ.

ಕಾಯಿಲ್ (ಮೋಟರಿನೊಳಗಿನ ತಂತಿಯ ಸುತ್ತು) ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಸಣ್ಣ ಬ್ಲೋವರ್‌ಗೆ ಹೊಸ ವೈಂಡಿಂಗ್ ಮಾಡಿಸಬೇಡಿ. ನನ್ನ ವ್ಯಾಪಾರಕ್ಕೆ ನಷ್ಟವಾದರೂ ಹೇಳುತ್ತೇನೆ, ಹೊಸದು ತಗೊಳ್ಳುವುದೇ ಲೇಸು.

ಎಲ್ಲ ಜೋಡಿಸಿದ ಮೇಲೆ ಒಲೆಯಿಂದ ದೂರ ಇಟ್ಟು ಒಂದೆರಡು ನಿಮಿಷ ಓಡಿಸಿ. ಕಾರ್ಬನ್ ಹತ್ತಿರ ಸಣ್ಣ ನೀಲಿ ಕಿಡಿ ಸಹಜ. ಕಿಡಿ ಸುತ್ತಲೂ ಉಂಗುರವಾಗಿ ಓಡಿದರೆ ಕೂಡಲೇ ಆಫ್ ಮಾಡಿ, ಆರ್ಮೇಚರ್ ಶಾರ್ಟ್ ಆಗಿರಬಹುದು.