ಪದ್ಮಿನಿಗೆ ಬೀಡಿಂಗ್ ಕ್ಲಿಪ್ ಹೊಂದಿಸಿದ್ದು

ಹಳೇ ಕಾರಿಗೆ ಎಂಜಿನ್ ಸಾಮಾನು ಹೇಗೋ ಸಿಗುತ್ತದೆ. ಬೀಡಿಂಗ್, ಅಂದರೆ ಬಾಡಿಯ ಪಕ್ಕಕ್ಕೆ ಉದ್ದಕ್ಕೂ ಕೂರಿಸುವ ಅಲಂಕಾರದ ಲೋಹದ ಪಟ್ಟಿ, ಅದನ್ನು ಹಿಡಿದು ನಿಲ್ಲಿಸುವ ಪುಟ್ಟ ಕ್ಲಿಪ್ ಇದೆಯಲ್ಲ, ಅದು ಸಿಗಲ್ಲ. ನನ್ನದು ಎಂಬತ್ತರ ದಶಕದ ಪ್ರೀಮಿಯರ್ ಪದ್ಮಿನಿ. ಟಿಂಕರಿಂಗ್, ಪೇಂಟಿಂಗ್ ಎಲ್ಲ ಬಳ್ಳಾರಿಯಲ್ಲೇ ಮುಗಿಯಿತು. ಬೀಡಿಂಗ್ ಕೂರಿಸುವ ಹೊತ್ತಿಗೆ ಕೆಲಸ ನಿಂತಿತು. ಹಳೇ ಕ್ಲಿಪ್‌ಗಳಲ್ಲಿ ಮುಕ್ಕಾಲು ಪಾಲು ತುಕ್ಕು ಹಿಡಿದು ಪುಡಿಯಾಗಿದ್ದವು.

ಅಂಗಡಿಯಲ್ಲಿ "ಪದ್ಮಿನಿ ಕ್ಲಿಪ್ ಇದೆಯಾ ಅಣ್ಣ?" ಅಂದರೆ "ಆ ಗಾಡಿನೇ ಬರಲ್ವಲ್ಲ ಸರ್" ಅನ್ನುತ್ತಾರೆ. ಅದೂ ನಿಜ. ಮುಂಬೈಯ ಕುರ್ಲಾದಲ್ಲಿ ಪದ್ಮಿನಿ ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಹಾಗಾಗಿ ಗಾಡಿಯ ಹೆಸರು ಬಿಟ್ಟು ಅಳತೆ ಹಿಡಿದು ಹೊರಟೆ. ಬಾಡಿಯಲ್ಲಿ ಕ್ಲಿಪ್ ಕೂರುವ ತೂತಿನ ಅಗಲ, ಅಲ್ಲಿನ ತಗಡಿನ ದಪ್ಪ, ಬೀಡಿಂಗ್‌ನ ಹಿಂದೆ ಮಡಚಿದ ಅಂಚುಗಳ ನಡುವಿನ ಜಾಗ. ಈ ಮೂರನ್ನು ವರ್ನಿಯರ್ ಅನ್ನೋ ಸೂಕ್ಷ್ಮ ಅಳತೆ ಉಪಕರಣದಲ್ಲಿ ನೋಡಿ ಬರೆದುಕೊಂಡರೆ ಸಾಕು. ತೂತಿನೊಳಗೆ ಹೊಸ ಪೇಂಟ್ ಕಟ್ಟಿಕೊಂಡಿದ್ದರೆ ಅಳತೆ ಕಮ್ಮಿ ತೋರಿಸುತ್ತದೆ, ಅದನ್ನು ಗಮನಿಸಬೇಕು. ಪದ್ಮಿನಿ ಫಿಯಟ್ ಮೂಲದ್ದು, ಎಲ್ಲ ಮಿಲಿಮೀಟರ್ ಲೆಕ್ಕ. ಅಂಬಾಸಡರ್ ಇರುವವರು ಇಂಚಿನಲ್ಲೂ ನೋಡಿ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದದ್ದಲ್ವಾ.

ಡೋರ್ ಪ್ಯಾಡಿನ (ಬಾಗಿಲ ಒಳಬದಿಯ ಹೊದಿಕೆಯ) ಕ್ಲಿಪ್ ತಲೆನೋವೇ ಅಲ್ಲ. ಸೀಟ್ ಕವರ್ ಅಂಗಡಿಗಳಲ್ಲಿ ಈಗಿನ ಕಾರುಗಳ ಪ್ಲಾಸ್ಟಿಕ್ ಕ್ಲಿಪ್ ಡಬ್ಬಿಗಟ್ಟಲೆ ಇರುತ್ತವೆ. ಅಳತೆ ಹೊಂದುವುದನ್ನು ಆರಿಸಿಕೊಂಡರಾಯಿತು. ಆದರೆ ನೈಲಾನ್‌ದೇ ಕೇಳಿ. ಬಳ್ಳಾರಿ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಬಾಗಿಲು ಮುಟ್ಟಕ್ಕಾಗಲ್ಲ. ಅಗ್ಗದ ಪ್ಲಾಸ್ಟಿಕ್ ಆ ಕಾವಿಗೆ ಬೇಗ ಸೆಟೆದು ಮುರಿಯುತ್ತದೆ.

ಹೊರಗಿನ ಬೀಡಿಂಗ್‌ದೇ ನಿಜವಾದ ಕೆಲಸ. ಕೌಲ್ ಬಜಾರ್ ಕಡೆಯ ಗುಜರಿಗಳಲ್ಲಿ ಯಾವ್ಯಾವುದೋ ಕಾರಿನ ಬೀಡಿಂಗ್‌ಗಳನ್ನು ಹಿಂದೆ ತಿರುಗಿಸಿ ನೋಡುತ್ತಾ ಹೋದೆ. ಹೊಂದುವ ಕೆಲವು ಕ್ಲಿಪ್ ಸಿಕ್ಕವು. ಉಳಿದವನ್ನು ಮಾಡಿಕೊಳ್ಳಲೇಬೇಕಾಯಿತು. ಅರ್ಧ ಮಿಲಿಮೀಟರ್ ದಪ್ಪದ ಸ್ಪ್ರಿಂಗ್ ಸ್ಟೀಲ್ ಪಟ್ಟಿ ತಂದೆ. ಅದನ್ನು ಹಾಗೇ ಬಗ್ಗಿಸಿದರೆ ಮೂಲೆಯಲ್ಲಿ ಸೀಳುತ್ತದೆ. ಅದಕ್ಕೆ ಮೊದಲು ಕೆಂಪಗೆ ಕಾಯಿಸಿ, ನಿಧಾನಕ್ಕೆ ಆರಲು ಬಿಟ್ಟು ಮೆತ್ತಗೆ ಮಾಡಿಕೊಳ್ಳಬೇಕು. ಒಂದು ಒಳ್ಳೇ ಹಳೇ ಕ್ಲಿಪ್ ಎದುರಿಗಿಟ್ಟುಕೊಂಡು ಅದೇ ಆಕಾರಕ್ಕೆ ಬಗ್ಗಿಸಿದೆ. ಆಮೇಲೆ ಮತ್ತೆ ಕೆಂಪಗೆ ಕಾಯಿಸಬೇಕು. ಆಯಸ್ಕಾಂತ ಅಂಟದಷ್ಟು ಕಾದ ಮೇಲೆ ಎಣ್ಣೆಗೆ ಅದ್ದಬೇಕು. ಈಗ ಅದು ಗಾಜಿನಂತೆ, ಬಿದ್ದರೆ ಚೂರು. ಉಜ್ಜಿ ಹೊಳಪು ಬರಿಸಿ, ನೀಲಿ ಬಣ್ಣ ತಿರುಗುವವರೆಗೆ ಮೆಲ್ಲಗೆ ಕಾಯಿಸಿದರೆ ಸ್ಪ್ರಿಂಗ್ ಗುಣ ಬರುತ್ತದೆ. ಆ ನೀಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಣಿಸುತ್ತದೆ.

"ಪ್ಲೇಟಿಂಗ್ (ಲೋಹದ ಲೇಪ) ಮಾಡಿಸಿಬಿಡಿ, ತುಕ್ಕು ಹಿಡಿಯಲ್ಲ" ಅಂದವರೂ ಇದ್ದರು. ನಾನು ಒಪ್ಪಲಿಲ್ಲ. ಪ್ಲೇಟಿಂಗ್ ತೊಟ್ಟಿಯಲ್ಲಿ ಗಟ್ಟಿ ಉಕ್ಕು ಹೈಡ್ರೋಜನ್ ಹೀರಿಕೊಳ್ಳುತ್ತದೆ. ಕೂಡಲೇ ಓವನ್‌ನಲ್ಲಿ ಗಂಟೆಗಟ್ಟಲೆ ಕಾಯಿಸದಿದ್ದರೆ ಕ್ಲಿಪ್ ಒಂದಿನ ಸುಮ್ನೆ ಕೂತಲ್ಲೇ ಮುರಿಯಬಹುದು. ಅಷ್ಟೆಲ್ಲ ಯಾರು ಕಾಯಿಸಿ ಕೊಡುತ್ತಾರೆ? ಜಿಂಕ್ ಪ್ರೈಮರ್ ಹೊಡೆದೆ.

ಕೂರಿಸುವಾಗ ಪ್ರತಿ ತೂತಿನ ಸುತ್ತ ಸೀಲೆಂಟ್ ಹಚ್ಚಿದೆ, ಮಳೆನೀರು ಬಾಗಿಲೊಳಗೆ ಇಳಿಯುವುದೇ ಅಲ್ಲಿಂದ. ಬೀಡಿಂಗ್‌ನ ಮೇಲಂಚು ಮೊದಲು ಸಿಕ್ಕಿಸಿ, ಕೆಳಗಿನದನ್ನು ಅಂಗೈಯಿಂದ ಗುದ್ದಬೇಕು. ಎರಡೂ ತುದಿಗೆ ಮಾತ್ರ ನಟ್ ಹಾಕುವ ಬೋಲ್ಟ್ ಕ್ಲಿಪ್ ಇಟ್ಟೆ, ಬೀಡಿಂಗ್ ಜಾರಬಾರದಲ್ಲ. ಆ ನಟ್ ಒಳಗಿನಿಂದ ಬಿಗಿಯಬೇಕು, ಹಾಗಾಗಿ ಡೋರ್ ಪ್ಯಾಡನ್ನು ಕೊನೆಗೆ ಹಾಕಿ.