ಮನೆಬಂಡಿಯಲ್ಲಿ ಮಲಗುವ ಮುನ್ನ

ಅಮೆರಿಕಕ್ಕೆ ಹೊಸದಾಗಿ ಬಂದವರು ಎಷ್ಟೋ ಮಂದಿ ಮೊದಲ ರಜೆಗೇ ಆರ್‌ವಿ, ಅಂದರೆ ಒಲೆ, ಹಾಸಿಗೆ ಎಲ್ಲ ಇರುವ ಮನೆಬಂಡಿ, ಬಾಡಿಗೆಗೆ ಹಿಡಿಯುತ್ತಾರೆ. ಹೋದಲ್ಲೇ ಮುದ್ದೆ ತಿರುವಿ, ಅಲ್ಲೇ ಮಲಗಬಹುದಲ್ಲ! ಕರಾರು, ವಿಮೆ, ಪರವಾನಗಿಯ ಕಾಗದ ನೋಡಿಕೊಳ್ಳುವುದು ಒಂದು ಸಂಜೆಯ ಕೆಲಸ, ಮುಗಿಸಿಬಿಡಿ. ನಾನು ಹೇಳಬೇಕಾದುದು ಹಾಸಿಗೆಯ ಪಕ್ಕದ ಗೋಡೆಯ ಮೇಲಿರುವ ಅಂಗೈಯಗಲದ ಬಿಳಿ ಡಬ್ಬಿಯ ಬಗ್ಗೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿದರೆ ಕೂಗಿ ಎಚ್ಚರಿಸುವ ಡಿಟೆಕ್ಟರ್ ಅದು.

ಅದರ ಬ್ಯಾಟರಿಯನ್ನು ನಾನೇ ಕಿತ್ತಿದ್ದೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಳಿ, ಸೆಪ್ಟೆಂಬರ್ ಚಳಿ. ಸಾರಿಗೆ ಒಗ್ಗರಣೆ ಹಾಕಿ ಮುಗಿದ ಮೇಲೂ ಬೆಚ್ಚಗಿರಲೆಂದು ಕಿಟಕಿ ಬಿಗಿದು, ಒಲೆಯನ್ನು ಸಣ್ಣಗೆ ಉರಿಯಬಿಟ್ಟೆ. ಮಲಗುವ ಹೊತ್ತಿಗೆ ಡಬ್ಬಿ ನಾಲ್ಕು ಸಲ ಕೂಗಿ, ತಡೆದು, ಮತ್ತೆ ನಾಲ್ಕು ಸಲ ಕೂಗಿತು. ಮೆಣಸಿನಕಾಯಿ ಘಾಟಿಗೆ ಇರಬೇಕು ಎಂದುಕೊಂಡೆ. ಅದು ಹೊಗೆ ಗುರುತಿಸುವ ಯಂತ್ರವಲ್ಲವೆಂದು ಗೊತ್ತಿರಲಿಲ್ಲ. ನಡುರಾತ್ರಿ ಹೆಂಡತಿ ವಾಂತಿ ಮಾಡಿಕೊಳ್ಳುವ ಸದ್ದಿಗೆ ಎಚ್ಚರವಾಯಿತು. ನನ್ನ ತಲೆ ಸಿಡಿಯುತ್ತಿತ್ತು. ಐದು ವರ್ಷದ ಮಗಳನ್ನು ಅಲುಗಾಡಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚಿದಳು. ಎತ್ತಿಕೊಂಡು ಹೊರಗೋಡಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದೆ. ಆಮ್ಲಜನಕ ಕೊಟ್ಟ ಎಷ್ಟೋ ಹೊತ್ತಿನ ಮೇಲೆ ಅವಳು "ಅಪ್ಪಾ" ಎಂದಳು. ನನ್ನನ್ನು ನಾನು ಇನ್ನೂ ಕ್ಷಮಿಸಿಕೊಂಡಿಲ್ಲ.

ನಾವು ಶಿಡ್ಲಘಟ್ಟದ ಕಡೆಯವರು. ಚಳಿಗಾಲದಲ್ಲಿ ಅಮ್ಮ ರೇಷ್ಮೆಹುಳು ಸಾಕುವ ಹುಳುಮನೆಯಲ್ಲಿ ಇದ್ದಿಲ ಕೆಂಡ ಇಡುತ್ತಿದ್ದಳು, ಸೊಪ್ಪು ಹಾಕುವ ಮೊದಲು ಕಿಟಕಿ ತೆರೆಯುತ್ತಿದ್ದಳು. "ಹುಳುವಿಗೆ ಉಸಿರು ಕಟ್ಟುತ್ತದೆ" ಎನ್ನುತ್ತಿದ್ದಳು. ಹಂಚಿನ ಸಂದು, ಗವಾಕ್ಷಿ ಇದ್ದ ಮನೆಯಲ್ಲಿ ಬೆಳೆದವರು ನಾವು. ಗಾಳಿ ತಾನಾಗಿ ಬರುತ್ತದೆಂದು ನಂಬಿದವರು. ಅಡುಗೆ ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಆದ್ದರಿಂದ ಬಂಡಿ ಹತ್ತಿದ ಕೂಡಲೇ ಡಬ್ಬಿಯ ಪರೀಕ್ಷಾ ಗುಂಡಿ ಒತ್ತಿ. ಹಿಂಬದಿಯ ದಿನಾಂಕ ನೋಡಿ. ಅದಕ್ಕೂ ಆಯಸ್ಸಿದೆ, ಸಾಮಾನ್ಯವಾಗಿ 5ರಿಂದ 10 ವರ್ಷ. ಆಗಾಗ ಒಂದೇ ಸಲ ಕೀಚ್ ಎಂದರೆ ಬ್ಯಾಟರಿಯೋ ಆಯಸ್ಸೋ ಮುಗಿದಿದೆ. ನಾಲ್ಕು ಸಲ ಕೂಗಿದರೆ ಮಕ್ಕಳನ್ನೆತ್ತಿಕೊಂಡು ಹೊರಗೆ ಹೋಗಿ, ಆಮೇಲೆ ಯೋಚಿಸಿ. ಒಲೆಯಿಂದ ಮೈ ಕಾಯಿಸಬೇಡಿ. ಜನರೇಟರ್ ಓಡುತ್ತಿರುವಾಗ ಮಲಗಬೇಡಿ. ಪಕ್ಕದ ಬಂಡಿಯವರ ಜನರೇಟರ್ ಹೊಗೆಯೂ ನಿಮ್ಮ ಕಿಟಕಿಗೆ ಬರುತ್ತದೆ. ಜ್ವರವಿಲ್ಲದೆ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಪ್ರಯಾಣದ ಸುಸ್ತೆಂದು, ದೃಷ್ಟಿಯೆಂದು ಸುಮ್ಮನಿರಬೇಡಿ.

ಮಗಳಿಗೆ ಈಗ ಹನ್ನೆರಡು. ಹುಳುಮನೆ ಎಂದರೇನೆಂದು ಎಷ್ಟು ವಿವರಿಸಿದರೂ ಅವಳ ಕಣ್ಣಿಗೆ ಕಟ್ಟುವುದಿಲ್ಲ. ಊರಿನ ಆ ಕೋಣೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ನಾವು ಪ್ರವಾಸ ಹೊರಟರೆ ಅಮ್ಮ ಪ್ರತಿ ರಾತ್ರಿ ಫೋನಿನಲ್ಲಿ ಅವಳನ್ನೇ ಕೇಳುತ್ತಾಳೆ: "ಕಿಟಕಿ ತೆರೆದಿದ್ದೀರಾ?" ಅವಳು ತಡವರಿಸದೆ ಆಡುವ ಕನ್ನಡದ ವಾಕ್ಯ ಅದೊಂದೇ: "ತೆರೆದಿದ್ದೇವೆ ಅಜ್ಜಿ, ಗುಂಡಿಯನ್ನೂ ಒತ್ತಿದ್ದೇನೆ."