ಮುಟ್ಟದ ಗೆರೆಗಳನ್ನು ಒಂದೇ ಎಂದ ಪ್ರೋಗ್ರಾಂ

ಚಿತ್ರದಲ್ಲಿ ಬಿಡಿ ತುಂಡುಗಳು ಎಷ್ಟಿವೆ ಅಂತ ಎಣಿಸುವ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಒಂದು ಕಪ್ಪು ಪಿಕ್ಸೆಲ್‌ನಿಂದ ಹೊರಡುವುದು, ಪಕ್ಕದ ಕಪ್ಪಿಗೆ ಹೋಗುವುದು, ಅಲ್ಲಿಂದ ಅದರ ಪಕ್ಕಕ್ಕೆ. ಹೀಗೆ ಮುಟ್ಟಲು ಆದದ್ದೆಲ್ಲ ಒಂದು ತುಂಡು. ಪರೀಕ್ಷೆಗೆ ಎರಡು ಗೆರೆ ಕೊಟ್ಟೆ: ಎಕ್ಸ್ ಅಕ್ಷದ ಬಲಭಾಗ, ಅದರ ಮೇಲೆ ವೈ = 1/ಎಕ್ಸ್. ಇವೆರಡೂ ಎಲ್ಲೂ ಮುಟ್ಟುವುದಿಲ್ಲ, ಅಲ್ವಾ? ಉತ್ತರ 2 ಬರಬೇಕು. ಬಂದದ್ದು 1.

ಕೋಡಿನಲ್ಲಿ ತಪ್ಪಿದೆ ಅಂತ ಇಡೀ ಸಂಜೆ ಹುಡುಕಿದೆ. ತಪ್ಪಿರಲಿಲ್ಲ. ಒಂದು ಯೂನಿಟ್‌ಗೆ 20 ಪಿಕ್ಸೆಲ್ ಇಟ್ಟು, ಎಕ್ಸ್ 100 ಆಗುವವರೆಗೆ ಎಳೆದಿದ್ದೆ. 10 ದಾಟಿದ ಮೇಲೆ ಅಂತರ 2 ಪಿಕ್ಸೆಲ್‌ಗಿಂತ ಕಡಿಮೆ. ನಡುವೆ ಒಂದು ಖಾಲಿ ಸಾಲೂ ಉಳಿದಿರಲಿಲ್ಲ. 40 ಪಿಕ್ಸೆಲ್ ಇಟ್ಟು ನೋಡಿದೆ. ಕೂಡುವ ಜಾಗ 20ಕ್ಕೆ ಸರಿಯಿತು, ಅಷ್ಟೇ. ಪಿಕ್ಸೆಲ್ ಎಷ್ಟೇ ಸಣ್ಣದಾಗಲಿ, ಇನ್ನಷ್ಟು ಬಲಕ್ಕೆ ಎಳೆದರೆ ಎರಡೂ ಕೂಡಿಯೇ ಕೂಡುತ್ತವೆ.

ಟೊಪಾಲಜಿಯಲ್ಲಿ, ಅಂದರೆ ಆಕಾರಗಳು ಹೇಗೆ ಜೋಡಿಕೊಂಡಿವೆ ಅಂತ ನೋಡುವ ಗಣಿತದಲ್ಲಿ, ಇದಕ್ಕೆ ಯೂನಿಫಾರ್ಮ್ ಕನೆಕ್ಟೆಡ್‌ನೆಸ್ ಎನ್ನುತ್ತಾರೆ ಅಂತ ಆಮೇಲೆ ತಿಳಿಯಿತು. ಹೆಜ್ಜೆಯ ಅಳತೆ ನೀವೇ ಹೇಳಿ, ಎಷ್ಟು ಚಿಕ್ಕದಾದರೂ ಸರಿ. ಆ ಅಳತೆ ಮೀರದೆ ಗಣದ ಬಿಂದುಗಳ ಮೇಲೆ ಮಾತ್ರ ಕಾಲಿಡುತ್ತಾ ಎಲ್ಲಿಂದ ಎಲ್ಲಿಗಾದರೂ ಹೋಗಲು ಆಗಬೇಕು. 1883ರಲ್ಲಿ ಗಣಿತಜ್ಞ ಕ್ಯಾಂಟರ್ ಜೋಡಣೆಗೆ ಕೊಟ್ಟ ಅರ್ಥವೂ ಹೀಗೇ ಇತ್ತು. ಇಂದಿನ ಟೊಪಾಲಜಿ ಇನ್ನೂ ಬಿಗಿ. ಭಾಗಲಬ್ಧ ಸಂಖ್ಯೆಗಳನ್ನೇ ನೋಡಿ. ಎಷ್ಟು ಪುಟ್ಟ ಹೆಜ್ಜೆಯಾದರೂ ಅವುಗಳ ಮೇಲೆ ನಡೆಯಬಹುದು. ಆದರೂ √2 ಇರಬೇಕಾದ ಕಡೆ ಅವು ಎರಡು ಪಾಲಾಗುತ್ತವೆ. ಟೊಪಾಲಜಿಗೆ ಆ ಬಿರುಕು ಕಾಣುತ್ತದೆ, ನಡೆಯುವವನ ಕಾಲಿಗೆ ಸಿಗುವುದಿಲ್ಲ. ನನಗೆ ಇದು ಇವತ್ತಿಗೂ ಬೆರಗು.

ಗೆರೆಗಳನ್ನು 100ಕ್ಕೆ ನಿಲ್ಲಿಸಿದರೆ ಮಾತ್ರ ಕಥೆ ಬೇರೆ. ಆಗ 1/100ರಷ್ಟು ಅಂತರ ಉಳಿದೇ ಇರುತ್ತದೆ. ಹೆಜ್ಜೆ ಅದಕ್ಕಿಂತ ಚಿಕ್ಕದಾದರೆ ದಾಟಲು ಆಗುವುದಿಲ್ಲ. ನನ್ನ ಪಿಕ್ಸೆಲ್ ಅದಕ್ಕಿಂತ ದೊಡ್ಡದಿತ್ತು.

ಇಷ್ಟಾದ ಮೇಲೆ ಕಣ್ಣು ಏನು ಹೇಳುತ್ತದೆ ಅಂತ ನೋಡುವ ಆಸೆಯಾಯಿತು. ಮನಶ್ಶಾಸ್ತ್ರಜ್ಞರಾದ ಸ್ಟೀಫನ್ ಪಾಮರ್ ಮತ್ತು ಇರ್ವಿನ್ ರಾಕ್ 1994ರಲ್ಲಿ ಇದೇ ಹೆಸರು ಬಳಸಿದ್ದರು. ಆದರೆ ಅಲ್ಲಿ 'ಯೂನಿಫಾರ್ಮ್' ಅಂದರೆ ಹೆಜ್ಜೆ ಅಲ್ಲ. ಬಣ್ಣ, ಹೊಳಪು, ಮೇಲ್ಮೈಯ ವಿನ್ಯಾಸ. ಇವು ಒಂದೇ ಥರ ಇದ್ದು ಬಿಡುವಿಲ್ಲದೆ ಹಬ್ಬಿದ ಜಾಗವನ್ನು ನೋಟ ಮೊದಲು ಒಂದು ವಸ್ತುವಾಗಿ ಹಿಡಿಯುತ್ತದೆ, ಹತ್ತಿರ ಇರುವುದನ್ನೂ ಹೋಲುವುದನ್ನೂ ಗುಂಪು ಮಾಡುವುದು ಆಮೇಲೆ ಎಂಬುದು ಅವರ ವಾದ. ಅವರ ಈ 'ಮೊದಲು'ವನ್ನು ಒಪ್ಪದ ಸಂಶೋಧಕರೂ ಇದ್ದಾರೆ.

ನಾನೇ ಮಾಡಿ ನೋಡಿದೆ. ಸಾಲಾಗಿ ಚುಕ್ಕೆ ಇಟ್ಟೆ, ಎರಡೆರಡು ಹತ್ತಿರ ಹತ್ತಿರ. ಕಣ್ಣು ಅವನ್ನೇ ಜೋಡಿ ಮಾಡಿತು. ಆಮೇಲೆ ದೂರದ ಚುಕ್ಕೆಗಳ ನಡುವೆ ಸಣ್ಣ ಗೆರೆ ಎಳೆದೆ. ಹತ್ತಿರದ ಜೋಡಿ ಮುರಿದು, ಗೆರೆ ಕಟ್ಟಿದ್ದೇ ಜೋಡಿಯಾಯಿತು. ಅಷ್ಟು ತೆಳ್ಳನೆಯ ಗೆರೆ!

ಇನ್ನು ನನ್ನ ಹಳೆಯ ಚಿತ್ರ. ಅಕ್ಷಕ್ಕೆ ಕೆಂಪು ಬಳಿದ ಕೂಡಲೇ ಕಣ್ಣಿಗೆ ಎರಡು ಗೆರೆ ನಿಚ್ಚಳವಾದವು. ಬಿಳಿಯಲ್ಲದ್ದನ್ನೆಲ್ಲ ಒಂದೇ ಅಂದುಕೊಳ್ಳುವ ಪ್ರೋಗ್ರಾಂ ಮಾತ್ರ 1 ಅಂತಲೇ ಹೇಳುತ್ತಿತ್ತು. ಪಕ್ಕದ ಪಿಕ್ಸೆಲ್ ಅದೇ ಬಣ್ಣದ್ದಾದರೆ ಮಾತ್ರ ಮುಂದೆ ಹೋಗು ಅಂತ ಒಂದು ಸಾಲು ಸೇರಿಸಿದೆ. 2 ಬಂತು.

ಬಿಡಿ ಚುಕ್ಕೆಗಳನ್ನು ಸಾಲಾಗಿ ಇಟ್ಟು ಮಾಡಿದ ಗೆರೆ ಮಾತ್ರ ಬಗೆಹರಿದಿರಲಿಲ್ಲ. ಕಣ್ಣಿಗೆ ಒಂದು ಗೆರೆ, ಪ್ರೋಗ್ರಾಂಗೆ ನಲವತ್ತು ಚುಕ್ಕೆ. ಎಷ್ಟು ಪಿಕ್ಸೆಲ್ ದಾಟಬಹುದು ಅನ್ನುವುದನ್ನು ಬಳಸುವವರೇ ಕೊಡುವ ಹಾಗೆ ಬದಲಿಸಿದೆ. ಈಗ ತುಂಡುಗಳ ಎಣಿಕೆಯ ಪಕ್ಕದಲ್ಲೇ ಯಾವ ಹೆಜ್ಜೆಗೆ ಆ ಎಣಿಕೆ ಅಂತಲೂ ಅದು ಬರೆಯುತ್ತದೆ.